ಕೈಗೆ ಫೋನು ಬಂತು, ದನಿ ಬಂತೇ?

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಪಕ್ಕದಲ್ಲಿ ದೂರವಾಣಿನಗರ ಎಂಬ ಬಡಾವಣೆಯಿದೆ. ಅಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿಕೊಂಡಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಅದು. ದಶಕಗಳ ಕಾಲ ದೇಶದ ಸರಕಾರಿ ಕಚೇರಿಗಳಲ್ಲಿ ಮೇಜಿನ ಮೇಲೆ ಗತ್ತಿನಿಂದ ಕುಳಿತಿದ್ದ ಕರಿ ಫೋನುಗಳು ಐ.ಟಿ.ಐ.ಯಲ್ಲಿ ತಯಾರಾದವು. ಆದರೆ ಆ ಕಾರ್ಖಾನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದ ಶಿವಾಜಿನಗರದ ಗಲ್ಲಿಗಳಿಗೆ, ಹಲಸೂರಿನ ಹಿಂದಿನ ಓಣಿಗಳಿಗೆ ಆ ಫೋನು ತಲುಪಲು ಸುಮಾರು ಅರ್ಧ ಶತಮಾನವೇ ಬೇಕಾಯಿತು.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ದಾಖಲೆಯನ್ನೇ ನೋಡಿ. ಆಗ ದೇಶದಲ್ಲಿ ನೂರು ಜನರಿಗೆ ಒಂದು ಫೋನೂ ಇರಲಿಲ್ಲ. ಲೆಕ್ಕಕ್ಕೆ ಸಿಗುತ್ತಿದ್ದದ್ದು 0.8 ಮಾತ್ರ. ಜಗತ್ತಿನ ಸರಾಸರಿ ಆಗಲೇ 10 ಇತ್ತು. ದೇಶಕ್ಕೆಲ್ಲ ಇದ್ದದ್ದು ಸುಮಾರು 80 ಲಕ್ಷ ಸಂಪರ್ಕ. ಹೆಸರು ಬರೆಸಿ ಕಾಯುತ್ತಿದ್ದವರು ಇನ್ನೂ 25 ಲಕ್ಷ. ಆ ಸಾಲಿನಲ್ಲಿ ಶಿಫಾರಸು ಇದ್ದವನು ಮುಂದೆ ಹೋಗುತ್ತಿದ್ದ, ಇಲ್ಲದವನು ಪಕ್ಕದ ಅಂಗಡಿಯ ನಂಬರನ್ನು 'ಪಿ.ಪಿ.' ಎಂದು ಬರೆದುಕೊಡುತ್ತಿದ್ದ.

ಆ ಪಿ.ಪಿ. ನಂಬರಿನ ಕಾಲ ನಮ್ಮ ಸಮುದಾಯಕ್ಕೆ ಚೆನ್ನಾಗಿ ನೆನಪಿದೆ. ಗಂಡ ದಮ್ಮಾಮಿನಲ್ಲೋ ರಿಯಾದಿನಲ್ಲೋ ಇರುತ್ತಿದ್ದ. ಅವನ ಕರೆ ಬರುವ ದಿನ ಹೆಂಡತಿ ಮಕ್ಕಳು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು, ಗಿರಾಕಿಗಳೆದುರು, ಸೇಠರ ಕಿವಿಗೆ ಬೀಳುವಂತೆ ಸಂಸಾರದ ಮಾತಾಡಬೇಕಿತ್ತು. ಅದು ಆಗದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆಮೇಲೆ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ದರ ಇಳಿಯುವ ಹೊತ್ತಿಗೆ ಬಸ್ ನಿಲ್ದಾಣದ ಸುತ್ತಲ ಬೂತುಗಳ ಮುಂದೆ ಸಾಲು ಬೆಳೆಯುತ್ತಿತ್ತು. ಮಾತಾಡುವವರ ಕಣ್ಣು ಎದುರಿನ ಮೀಟರಿನ ಕೆಂಪು ಅಂಕಿಗಳ ಮೇಲೆಯೇ.

ಈಗ ಅದೆಲ್ಲ ಹಳೆಯ ಕತೆ. 2003ರಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವ ಪದ್ಧತಿ ಹೋಯಿತು. 2016ರ ನಂತರ ಇಂಟರ್ನೆಟ್ಟು ಅಗ್ಗವಾಯಿತು. ರಸೆಲ್ ಮಾರ್ಕೆಟ್ಟಿನ ಸೊಪ್ಪಿನವನ ತಕ್ಕಡಿಯ ಪಕ್ಕದಲ್ಲೂ ಹಣ ಪಡೆಯುವ ಕ್ಯೂ.ಆರ್. ಚೀಟಿ ನೇತಾಡುತ್ತಿದೆ. ಇದನ್ನು ತೋರಿಸಿ ವೇದಿಕೆಯ ಮೇಲಿನವರು ಹೇಳುತ್ತಾರೆ: 'ಈಗ ಎಲ್ಲರ ಕೈಯಲ್ಲೂ ಫೋನಿದೆ. ಇನ್ನು ವಂಚಿತರು ಯಾರು?' ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಬಡವನ ಫೋನನ್ನು ಅಣಕಿಸುವವರೂ ಇದ್ದಾರೆ. ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ. ಫೋನು ಬಡವನಿಗೆ ಅನ್ನದ ದಾರಿ, ಅದು ಮಲ್ಲಿಗೆಯಲ್ಲ. ಆದರೆ ಫೋನು ಬಂದಾಕ್ಷಣ ದನಿಯೂ ಬಂತೆಂದು ಹೇಳುವುದು ಮೋಸ.

ಕಿವಿ ಎಲ್ಲರದು, ಮೈಕು ಯಾರದು?

ಆಫ್ರಿಕಾದ ರವಾಂಡ ಎಂಬ ಪುಟ್ಟ ದೇಶದ ಉದಾಹರಣೆ ಕೊಡಬೇಕು. 1993ರಲ್ಲಿ ಅಲ್ಲಿ ಆರ್.ಟಿ.ಎಲ್.ಎಂ. ಎಂಬ ಖಾಸಗಿ ರೇಡಿಯೋ ಶುರುವಾಯಿತು. ಹಾಡು, ಹರಟೆ, ಹಾಸ್ಯ ಎಲ್ಲ ಇತ್ತು. ಜನ ಮುಗಿಬಿದ್ದು ಕೇಳಿದರು. ದೇಶ ಬಡದೇಶ, ದಿನಪತ್ರಿಕೆ ಕೊಂಡು ಓದುವವರು ಕಡಿಮೆ, ಟ್ರಾನ್ಸಿಸ್ಟರಿಗೆ ಕಿವಿಗೊಡುವವರು ಹೆಚ್ಚು. ಆ ರೇಡಿಯೋ ಮೆಲ್ಲಗೆ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯತೊಡಗಿತು. 1994ರ ಏಪ್ರಿಲ್‌ನಿಂದ ಜುಲೈವರೆಗೆ ನಡೆದ ನರಮೇಧದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಯಾರು ಎಲ್ಲಿ ಅಡಗಿದ್ದಾರೆಂದು ಹೇಳುವ ಕೆಲಸವನ್ನೂ ಅದೇ ರೇಡಿಯೋ ಮಾಡಿತು. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅದನ್ನು ಕಟ್ಟಿದವರನ್ನು ಅಪರಾಧಿಗಳೆಂದು ಸಾರಿತು.

ರವಾಂಡದ ಬಡವನಿಗೆ ರೇಡಿಯೋ ಸಿಗದೆ ಈ ಅನಾಹುತ ಆಗಲಿಲ್ಲ. ರೇಡಿಯೋ ಅವನ ಕೈಯಲ್ಲೇ ಇತ್ತು, ಮೈಕು ಮಾತ್ರ ಬೇರೆಯವರ ಕೈಯಲ್ಲಿತ್ತು. ಕಿವಿಯನ್ನಷ್ಟೇ ಕೊಟ್ಟು ಬಾಯನ್ನು ಕೊಡದ ಮಾಧ್ಯಮ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದೇ ಆಫ್ರಿಕಾದ ಕೀನ್ಯಾದಲ್ಲಿ 2007ರಲ್ಲಿ ಎಂ-ಪೇಸಾ ಬಂತು. ಬ್ಯಾಂಕಿನ ಮೆಟ್ಟಿಲು ಹತ್ತದ ಕೂಲಿಯವನು ಸಾದಾ ಫೋನಿನಿಂದಲೇ ಊರಿನ ತಾಯಿಗೆ ಹಣ ಕಳಿಸಿದ. ಇಲ್ಲಿ ಫೋನು ಬಡವನ ಕೈಯ ಸಾಧನವಾಯಿತು. ಒಂದೇ ಖಂಡ, ಎರಡು ಪಾಠ. ಯಂತ್ರ ಯಾರ ಬಳಿ ಇದೆ ಎನ್ನುವುದರ ಜೊತೆಗೆ ಅದರಿಂದ ಯಾರು ಏನು ಮಾಡಬಲ್ಲರು ಎಂದೂ ಕೇಳಬೇಕು.

ಹತ್ತು ನಿಮಿಷದ ಸುದ್ದಿಗೆ ತೆತ್ತ ಬೆಲೆ

ರವಾಂಡ ದೂರದ ಮಾತಾಯಿತು ಎನ್ನುವವರು ಅದೇ 1994ರ ಬೆಂಗಳೂರನ್ನು ನೆನೆಯಲಿ. ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಪ್ರತಿಭಟನೆ ಎದ್ದಿತು. ಕೆಲವೇ ದಿನಗಳಲ್ಲಿ ಅದು ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮನೆ ಅಂಗಡಿಗಳು ಸುಟ್ಟವು. ವಾರ್ತೆ ನಿಂತಿತು. ಹತ್ತು ನಿಮಿಷದ ಸುದ್ದಿಗೆ ಅಷ್ಟು ಹೆಣ!

ಇದರಲ್ಲಿ ಯಾರ ತಪ್ಪೆಷ್ಟು ಎಂದು ಇಷ್ಟು ವರ್ಷಗಳ ನಂತರವಾದರೂ ನಾವು ಬಿಚ್ಚುಮನಸ್ಸಿನಿಂದ ಹೇಳಬೇಕು. ಕನ್ನಡಿಗರ ಆತಂಕ ಪೂರಾ ಸುಳ್ಳಾಗಿರಲಿಲ್ಲ. ತಮ್ಮ ರಾಜಧಾನಿಯಲ್ಲೇ ಕನ್ನಡ ಮೂಲೆಗೆ ಸರಿಯುತ್ತಿದೆ ಎಂಬ ನೋವು 1982ರ ಗೋಕಾಕ್ ಚಳವಳಿಯ ಕಾಲದಿಂದ ಇತ್ತು. ಚುನಾವಣೆ ಹೊಸ್ತಿಲಲ್ಲಿ ನಿಂತಿದ್ದಾಗ ಆ ವಾರ್ತೆಯನ್ನು ತಂದವರಿಗೆ ಉರ್ದುವಿನ ಮೇಲಿನ ಪ್ರೀತಿಗಿಂತ ಓಟಿನ ಲೆಕ್ಕವೇ ಹೆಚ್ಚಾಗಿತ್ತೆಂದು ನಮ್ಮ ಅನುಮಾನ. ಆದರೆ ದೂರದರ್ಶನದ ಮೇಲಿನ ಸಿಟ್ಟನ್ನು ಬೀಡಿ ಕಟ್ಟುವವಳ ಗುಡಿಸಲಿನ ಮೇಲೆ, ಗುಜರಿ ಆಯುವವನ ತಳ್ಳುಗಾಡಿಯ ಮೇಲೆ ತೀರಿಸಿಕೊಂಡದ್ದು ಯಾವ ಭಾಷಾಭಿಮಾನ? ಭಾಷೆಯ ಹೆಸರು ಹೇಳಿ ಕೋಮುವಾದ ಅಂದು ತನ್ನ ಕೆಲಸ ಮುಗಿಸಿಕೊಂಡಿತು.

ಇನ್ನು ನಮ್ಮ ತಪ್ಪು. ಉರ್ದುವಿನಲ್ಲಿ ಹತ್ತು ನಿಮಿಷ ಸಿಕ್ಕರೆ ಮುಸ್ಲಿಮರಿಗೆ ದನಿ ಸಿಕ್ಕಂತೆಯೇ ಎಂದು ನಮ್ಮ ನಾಯಕರು ನಂಬಿದ್ದರು. ನಾಯಂಡಹಳ್ಳಿಯ, ತುಮಕೂರಿನ, ಬಳ್ಳಾರಿಯ ನೆರೆಮನೆಯವನಿಗೆ ಅರ್ಥವಾಗದ ಭಾಷೆಯಲ್ಲಿ ನಾವು ನಮ್ಮ ಕಷ್ಟವನ್ನು ನಮಗೇ ಹೇಳಿಕೊಂಡರೆ ಆಗುವ ಲಾಭವೇನು? ಉರ್ದು ನಮ್ಮ ಮನೆಯ ಮಾತು. ಅದು ಉಳಿಯಬೇಕು, ಅದರ ಪತ್ರಿಕೆಗಳೂ ಬಾಳಬೇಕು. ಆದರೆ ಆ ಪತ್ರಿಕೆಯಲ್ಲಿ ಬಂದ ಸುದ್ದಿ ಪಕ್ಕದ ಬೀದಿಯ ಕನ್ನಡಿಗನಿಗೆ ತಲುಪುವುದಿಲ್ಲ. ನಾವು ಕೇಳಬೇಕಾಗಿದ್ದದ್ದು ಕನ್ನಡ ವಾರ್ತೆಯೊಳಗೇ ನಮ್ಮ ಬದುಕಿಗೆ ಜಾಗವನ್ನು, ಕನ್ನಡ ಸುದ್ದಿಮನೆಯೊಳಗೆ ನಮ್ಮ ಮಕ್ಕಳಿಗೆ ಕುರ್ಚಿಯನ್ನು.

ಇದು ಆಗದ ಮಾತೇನಲ್ಲ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರಾಗಿರುವ 'ನಿತ್ಯೋತ್ಸವ' 1978ರಲ್ಲಿ ಬಂದಾಗ ಅದರ ಕವಿ ಯಾರಾಗಿದ್ದರು? ದೇವನಹಳ್ಳಿಯ ಕೆ.ಎಸ್. ನಿಸಾರ್ ಅಹಮದ್. ಆ ಪದ್ಯವನ್ನು ಹಾಡಿದ ಕನ್ನಡಿಗರು ಕವಿಯ ಜಾತಿ ಕೇಳಲಿಲ್ಲ. 1980ರಲ್ಲಿ ಹುಟ್ಟಿದ 'ಲಂಕೇಶ್ ಪತ್ರಿಕೆ' ಸಾರಾ ಅಬೂಬಕ್ಕರ್ ಅವರ ಬರಹಕ್ಕೆ ಪುಟ ಬಿಟ್ಟುಕೊಟ್ಟಿತು. ಬಾನು ಮುಷ್ತಾಕ್ ಅದಕ್ಕೆ ವರದಿ ಬರೆದರು. ಮುಸ್ಲಿಂ ಹೆಣ್ಣುಮಗಳ ಒಳಮನೆಯ ಸಂಕಟ ಕರ್ನಾಟಕಕ್ಕೆ ಗೊತ್ತಾದದ್ದು ಹೀಗೆ ಕನ್ನಡದಲ್ಲೇ. ಅದೇ ಬಾನು ಮುಷ್ತಾಕರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಮಂಗಳೂರಿನಲ್ಲಿ 2003ರಲ್ಲಿ 'ವಾರ್ತಾಭಾರತಿ' ಕನ್ನಡ ದಿನಪತ್ರಿಕೆ ಹೊರಟಿತು. ಕರಾವಳಿಯವರಿಗೆ ಸಾಧ್ಯವಾದದ್ದು ಕಂಟೋನ್ಮೆಂಟಿನ ನಮಗೆ ಯಾಕೆ ತೋಚಲಿಲ್ಲ? ಹಣ ಇಲ್ಲಿ ಅಲ್ಲಿಗಿಂತ ಕಡಿಮೆಯಿತ್ತೇ?

ವದಂತಿ ಓಡುತ್ತದೆ, ಸತ್ಯ ಕುಂಟುತ್ತದೆ

2012ರ ಆಗಸ್ಟ್ ಬಂತು. ಅಸ್ಸಾಮಿನ ಕೊಕ್ರಝಾರಿನ ಹಿಂಸೆಯ ಬೆನ್ನಿಗೇ ಬೆಂಗಳೂರಿನಲ್ಲಿ ಸಂದೇಶಗಳು ಹಬ್ಬಿದವು: ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂದು. ದಾಳಿ ನಡೆಯಲಿಲ್ಲ. ಆದರೆ ಸಾವಿರಾರು ಯುವಕ ಯುವತಿಯರು ಕೆಲಸ, ಕಾಲೇಜು, ಕೊಟ್ಟ ಬಾಡಿಗೆ ಎಲ್ಲ ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರಕಾರ ಒಂದು ಸಿಮ್ಮಿನಿಂದ ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಹದಿನೈದು ದಿನ ದೇಶಕ್ಕೆಲ್ಲ ಕಡಿವಾಣ ಹಾಕಿತು. ಮುಸ್ಲಿಂ ಸಂಘಟನೆಗಳು 'ಹೆದರಬೇಡಿ, ಹೋಗಬೇಡಿ' ಎಂದು ಬೇಡಿಕೊಂಡವು. ಆ ಬೇಡಿಕೆ ಎಷ್ಟು ಕಿವಿಗಳಿಗೆ ಮುಟ್ಟಿತು? ವದಂತಿಗೆ ಪ್ರತಿ ಫೋನೂ ಮೈಕಾಗಿತ್ತು. ನಮ್ಮ ಮಾತಿಗೆ ಒಂದೂ ಸಿಗಲಿಲ್ಲ.

2020ರಲ್ಲಿ ಕೊರೋನಾ ಬಂತು. ರೋಗಕ್ಕೆ ಧರ್ಮವಿಲ್ಲವೆಂದು ವೈದ್ಯರು ಹೇಳುತ್ತಿದ್ದರೂ ಟಿ.ವಿ. ಪರದೆಯ ಮೇಲೆ ಅದಕ್ಕೆ ಗಡ್ಡ ಟೋಪಿ ಬಂತು. ತಬ್ಲೀಗಿನ ಸುದ್ದಿಯನ್ನು ಬಿತ್ತರಿಸಿದ ರೀತಿಗಾಗಿ 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳ ಸ್ವಂತ ನಿಯಂತ್ರಣ ಸಂಸ್ಥೆಯೇ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು: ಒಂದಕ್ಕೆ ಒಂದು ಲಕ್ಷ ರೂಪಾಯಿ, ಇನ್ನೊಂದಕ್ಕೆ ಐವತ್ತು ಸಾವಿರ. ದೂರು ಕೊಟ್ಟು ಬೆನ್ನು ಹತ್ತಿದ್ದು ಬೆಂಗಳೂರಿನ ನಾಗರಿಕರ ಒಂದು ಗುಂಪು. ಅವರಿಗೆ ನಮ್ಮ ಸಲಾಮು. ಆದರೆ ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯನ್ನು ಬಡಾವಣೆಯಿಂದ ಅಟ್ಟಿದ್ದು 2020ರ ಏಪ್ರಿಲ್‌ನಲ್ಲಿ. ದಂಡ ಬಿದ್ದದ್ದು ಹದಿನಾಲ್ಕು ತಿಂಗಳ ನಂತರ. ಅವನ ಹಣ್ಣು ಆಗಲೇ ಕೊಳೆತು ಹೋಗಿತ್ತು.

ಬೇರೆಯವರನ್ನು ದೂರಿದ್ದಾಯಿತು. ಈಗ ನಮ್ಮ ಕೈಯ ಫೋನನ್ನು ನೋಡೋಣ. 2020ರ ಆಗಸ್ಟ್ 11ರ ರಾತ್ರಿ, ಪ್ರವಾದಿಯವರನ್ನು ಅವಹೇಳನ ಮಾಡಿದ ಒಂದು ಫೇಸ್‌ಬುಕ್ ಬರಹಕ್ಕೆ ಕೆರಳಿದ ಗುಂಪು ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಬೆಂಕಿ ಹಚ್ಚಿತು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮುಂದೆ ವಾಹನಗಳು ಉರಿದವು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಮಂದಿ ಜೈಲು ಸೇರಿದರು. ಅನೇಕರ ಮೇಲೆ ಯು.ಎ.ಪಿ.ಎ. ಬಿತ್ತು. ಬರಹ ಬರೆದವನ ತಪ್ಪಿಗೆ ಕಾನೂನಿತ್ತು. ಬರೆಯದ ಶಾಸಕನ, ಅದೂ ದಲಿತ ಶಾಸಕನ, ಮನೆ ಸುಟ್ಟದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದೇ ರಾತ್ರಿ ಕೆಲವು ಮುಸ್ಲಿಂ ಹುಡುಗರು ಕೈ ಕೈ ಹಿಡಿದು ಹತ್ತಿರದ ದೇವಸ್ಥಾನಕ್ಕೆ ಕಾವಲು ನಿಂತರು. ಅದೂ ವಿಡಿಯೋ ಆಗಿ ಹರಿದಾಡಿತು. ಆದರೆ ನಮ್ಮಲ್ಲೇ ಎಷ್ಟು ಜನ ಆ ವಿಡಿಯೋವನ್ನು ಮುಂದಕ್ಕೆ ಕಳಿಸಿದೆವು, ಎಷ್ಟು ಜನ ಬೆಂಕಿಯದನ್ನು ಕಳಿಸಿದೆವು?

ಕೇಳಿದ ಸುದ್ದಿಯನ್ನು ಪರಿಶೀಲಿಸದೆ ಯಾರ ಮೇಲೂ ಎರಗಬಾರದೆಂಬುದು ಕುರ್‌ಆನಿನ ಹುಜುರಾತ್ ಅಧ್ಯಾಯದ ಬೋಧನೆ. ಜುಮಾ ಖುತ್ಬಾದಲ್ಲಿ ಇದನ್ನು ಕೇಳಿ ತಲೆದೂಗಿದವರೇ ಮಸೀದಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಾಲ್ಕು ಗ್ರೂಪುಗಳಿಗೆ ಫಾರ್ವರ್ಡ್ ಒತ್ತಿರುತ್ತಾರೆ. ಪ್ರವಾದಿಯವರ ಗೌರವಕ್ಕೆ ಪ್ರಾಣ ಕೊಡುತ್ತೇವೆ ಎನ್ನುವವರು ಅವರ ಬೋಧನೆಗೆ ಐದು ನಿಮಿಷದ ತಾಳ್ಮೆ ಕೊಡಲಾರರೇ?

ಮನೆಯೊಳಗಿನ ಬೀಗ

ನಮಗೆ ಅತ್ಯಂತ ನಾಚಿಕೆ ತರುವ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆ (2019-21) ಹೇಳುವಂತೆ ದೇಶದ ಗಂಡಸರಲ್ಲಿ ಶೇಕಡಾ 57.1 ಮಂದಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದಾರೆ. ಹೆಂಗಸರಲ್ಲಿ ಶೇಕಡಾ 33.3 ಮಾತ್ರ. ತಾವೇ ಬಳಸುವ ಫೋನು ಇರುವ ಹೆಂಗಸರು ಶೇಕಡಾ 54. ಇದು ಎಲ್ಲ ಧರ್ಮದವರ ಲೆಕ್ಕ. ನಮ್ಮ ಗಲ್ಲಿಗಳ ಸ್ಥಿತಿ ಇದಕ್ಕಿಂತ ಚೆನ್ನಾಗಿದೆಯೆಂದು ಎದೆಮುಟ್ಟಿ ಹೇಳುವವರಿದ್ದರೆ ಮುಂದೆ ಬರಲಿ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಆದದ್ದೇನು? ಮನೆಗೆ ಒಂದೇ ಫೋನು. ಅದು ಆಟೋ ಓಡಿಸುವ ಅಪ್ಪನ ಜೇಬಿನಲ್ಲಿ. ರಾತ್ರಿ ಅಪ್ಪ ಬಂದ ಮೇಲೆ ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ, ಚಾರ್ಜು ಉಳಿದಿದ್ದರೆ ತಂಗಿಗೆ. ಸರಕಾರ ಚಂದನ ವಾಹಿನಿಯಲ್ಲಿ ಪಾಠ ಹಾಕಿತು, 'ವಿದ್ಯಾಗಮ' ತಂದು ಎರಡು ತಿಂಗಳಲ್ಲಿ ನಿಲ್ಲಿಸಿತು. ಫೋನಿಲ್ಲದ ಮಗುವಿಗೆ ಫೋನು ಕೊಡುವ ಹೊಣೆಯನ್ನು ಮಾತ್ರ ಹೊರಲಿಲ್ಲ. ನಾವಾದರೂ ಹೊತ್ತೆವೇ? ಶಾಲೆ ಮತ್ತೆ ತೆರೆದಾಗ ಎಷ್ಟೋ ಹುಡುಗಿಯರು ಮರಳಲಿಲ್ಲ. ಅವರ ನಿಕಾಹ್ ಆಗಿತ್ತು, ಇಲ್ಲವೆ ಅಗರಬತ್ತಿ ಹೊಸೆಯುತ್ತಿದ್ದರು.

ಫೋನು ಇದ್ದರೂ ಹುಡುಗಿಗೆ ಕೊಡಕೂಡದು ಎಂಬ ಕಟ್ಟಳೆ ಬೇರೆ. 'ಹುಡುಗಿ ಹಾಳಾಗುತ್ತಾಳೆ' ಎನ್ನುತ್ತಾರೆ. ಮೂರು ಹೊತ್ತು ಫೋನು ಹಿಡಿದು ಗಲ್ಲಿಯ ಬಾಯಲ್ಲಿ ನಿಂತ ಹುಡುಗ ಹಾಳಾಗುವುದಿಲ್ಲವೇ? ವಿದ್ಯಾರ್ಥಿವೇತನದ ಅರ್ಜಿ ಫೋನಿನಲ್ಲಿ, ಪರೀಕ್ಷೆಯ ಫಲಿತಾಂಶ ಫೋನಿನಲ್ಲಿ, ಆಸ್ಪತ್ರೆಯ ಸರದಿ ಫೋನಿನಲ್ಲಿ, ಬ್ಯಾಂಕಿನ ಓ.ಟಿ.ಪಿ. ಫೋನಿನಲ್ಲಿ. ಹೊಡೆತ ತಿಂದವಳು ಸಹಾಯವಾಣಿಗೆ ಕರೆ ಮಾಡಬೇಕಾದದ್ದೂ ಫೋನಿನಲ್ಲಿ. ಹೊಡೆದವನ ಕೈಯಲ್ಲೇ ಮನೆಯ ಒಂದೇ ಫೋನು ಇದ್ದರೆ ಅವಳು ಯಾರನ್ನು ಕೂಗಬೇಕು? ಓದು ಎಂಬುದೇ ಮೊದಲ ಆದೇಶವಾಗಿ ಇಳಿದ ಧರ್ಮದ ಹೆಸರಿನಲ್ಲಿ ಓದುವ ಕಿಟಕಿಗೆ ಬೀಗ ಹಾಕುವುದು ಯಾವ ನ್ಯಾಯ?

ಹೊಸ ಯಂತ್ರ ಕಂಡಾಗೆಲ್ಲ ಹೌಹಾರುವುದು ನಮ್ಮ ಹಳೆಯ ರೋಗ. ನಮಾಜಿಗೆ ಧ್ವನಿವರ್ಧಕ ಬಳಸಬಹುದೇ ಎಂದು ಒಂದು ಕಾಲಕ್ಕೆ ಉಲೇಮಾಗಳೇ ಜಗಳವಾಡಿದರು. ಇಂದು ಅದೇ ಧ್ವನಿವರ್ಧಕಕ್ಕಾಗಿ ಕೋರ್ಟು ಹತ್ತುತ್ತಿದ್ದೇವೆ! ಹುಡುಗಿಯ ಕೈಯ ಫೋನಿನ ವಿಷಯದಲ್ಲೂ ನಾವು ಐವತ್ತು ವರ್ಷ ತಡವಾಗಿಯೇ ಬುದ್ಧಿ ಕಲಿಯಬೇಕೇ? ಅಪಾಯ ಇಲ್ಲವೆಂದು ನಾವು ಹೇಳುವುದಿಲ್ಲ. ರಸ್ತೆಯಲ್ಲೂ ಅಪಾಯವಿದೆ, ಅದಕ್ಕೆ ಮಗಳಿಗೆ ರಸ್ತೆ ದಾಟುವುದನ್ನು ಕಲಿಸುತ್ತೇವೆ, ಕಾಲು ಕಟ್ಟಿಹಾಕುವುದಿಲ್ಲ.

ನಾವು ಕೇಳುವುದೇನು?

ಬರೀ ಗೋಳಿನಿಂದ ಪ್ರಯೋಜನವಿಲ್ಲ. ಆಕಾಶದ ಅಲೆಗಳು ಸಾರ್ವಜನಿಕರ ಆಸ್ತಿ ಎಂದು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಆಸ್ತಿಯ ಹೆಚ್ಚಿನ ಪಾಲು ಹರಾಜಿನಲ್ಲಿ ಹಣವಂತರ ಮನೆ ಸೇರಿದೆ. ಬಡವರಿಗೆ ಉಳಿದದ್ದು ಸಮುದಾಯ ರೇಡಿಯೋ ಎಂಬ ಚಿಕ್ಕ ಕಿಂಡಿ. 2006ರಿಂದ ಸ್ವಯಂಸೇವಾ ಸಂಸ್ಥೆಗಳೂ ಅದನ್ನು ನಡೆಸಬಹುದು. ಅದಕ್ಕೂ ಮೊದಲೇ, ಪರವಾನಗಿಯೇ ಸಿಗದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಯ ಹೆಂಗಸರು, ಹುಡುಗರು ಕೇಬಲ್ ತಂತಿಯ ಮೂಲಕವೇ 'ನಮ್ಮ ಧ್ವನಿ' ಬಿತ್ತರಿಸಿದರು. ಹೈದರಾಲಿ ಹುಟ್ಟಿದ ಊರು ಅದು. ಕೆ.ಆರ್. ಪುರ ದಾಟಿ ಅದೇ ಹಳೆ ಮದ್ರಾಸು ರಸ್ತೆಯ ದಿಕ್ಕಿನಲ್ಲಿ ಹೋದರೆ ಸಿಗುತ್ತದೆ. ಟೊಮೆಟೊ ಬೆಳೆಯುವ ಊರಿನವರು ಮಾಡಿದ್ದನ್ನು ಶಾದಿ ಮಹಲುಗಳಿಗೆ ಕೋಟಿ ಸುರಿಯುವ ನಾವು ಮಾಡಲಾರೆವೇ?

ಸರಕಾರಕ್ಕೆ ನಮ್ಮ ಬೇಡಿಕೆ ಇಷ್ಟು: ಸಮುದಾಯ ರೇಡಿಯೋ ಆಕಾಶವಾಣಿಯ ವಾರ್ತೆಯನ್ನು ಮರುಬಿತ್ತರಿಸುವುದರ ಹೊರತು ಸ್ವಂತ ಸುದ್ದಿ ಹೇಳಕೂಡದೆಂಬ ನಿರ್ಬಂಧವನ್ನು ತೆಗೆಯಲಿ. ನೀರು ಯಾವಾಗ ಬರುತ್ತದೆ, ಪಡಿತರ ಯಾಕೆ ಬರಲಿಲ್ಲ ಎಂದು ಒಂದು ಬೀದಿ ಇನ್ನೊಂದು ಬೀದಿಗೆ ಹೇಳಿಕೊಂಡರೆ ದೇಶ ಮುಳುಗುವುದಿಲ್ಲ. ಗಲಭೆಯ ವಾಸನೆ ಬಂದೊಡನೆ ಇಡೀ ಊರಿನ ಇಂಟರ್ನೆಟ್ ಕಡಿಯುವ ಚಾಳಿಯನ್ನು ಬಿಡಲಿ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಹಾಗೆ ಕಡಿದಾಗ, ಸುಳ್ಳನ್ನು ಸುಳ್ಳೆಂದು ಹೇಳುವವನ ಬಾಯಿಯೂ ಮುಚ್ಚಿಹೋಯಿತು.

ಕನ್ನಡ ಮಾಧ್ಯಮದ ಗೆಳೆಯರಿಗೆ: ನಿಮ್ಮ ಸುದ್ದಿಮನೆಯಲ್ಲಿ ಎಷ್ಟು ಮುಸ್ಲಿಮರಿದ್ದಾರೆ, ಎಷ್ಟು ದಲಿತರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಗಲಭೆಯಾದ ದಿನ ಮಾತ್ರ ಶಿವಾಜಿನಗರಕ್ಕೆ ಕ್ಯಾಮೆರಾ ತರಬೇಡಿ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವೂ ಬನ್ನಿ.

ನಮ್ಮವರಿಗೆ: ಕಂಟೋನ್ಮೆಂಟಿನಲ್ಲಿ ವಕ್ಫ್ ಆಸ್ತಿಗೆ ಬರವಿಲ್ಲ. ಪ್ರತಿ ದೊಡ್ಡ ಮಸೀದಿ ಸಮಿತಿ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಒಂದು ಇಂಟರ್ನೆಟ್ ಸಂಪರ್ಕ, ಪಾಠ ಹೇಳುವ ಒಬ್ಬ ಮಹಿಳೆ, ಇಷ್ಟನ್ನು ಹುಡುಗಿಯರಿಗಾಗಿ ಇಡಲಿ. ಪಕ್ಕದ ಮನೆಯ ಹಿಂದೂ ಹುಡುಗಿಗೂ ಕ್ರೈಸ್ತ ಹುಡುಗಿಗೂ ಬಾಗಿಲು ತೆರೆದಿರಲಿ. ವಾರಕ್ಕೊಮ್ಮೆಯಾದರೂ ಖುತ್ಬಾದ ಸಾರ ಕನ್ನಡದಲ್ಲಿ ಬರಲಿ. ಮಗನನ್ನು ಎಂಜಿನಿಯರು ಮಾಡಲು ಹೊಲ ಮಾರುವ ತಂದೆ, ಮಗಳನ್ನು ಕನ್ನಡ ವರದಿಗಾರ್ತಿ ಮಾಡಲು ಒಪ್ಪಲಿ.

ಇಷ್ಟನ್ನೂ ನಾಳೆಯೇ ಮಾಡಲಾಗದಿದ್ದರೆ ಬೇಡ, ಇಂದು ಒಂದು ಕೆಲಸ ಮಾಡಿ. ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಫೋನನ್ನು ಒಂದು ಗಂಟೆ ಮಗಳ ಕೈಗೆ ಕೊಡಿ. ಅವಳು ಅದರಲ್ಲಿ ಏನು ಹುಡುಕುತ್ತಾಳೆಂದು ಕಾವಲು ಕಾಯಬೇಡಿ, ಪಕ್ಕ ಕೂತು ಕೇಳಿ. ಅವಳು ಹೇಳುವುದರಲ್ಲಿ ನಿಮಗೆ ಗೊತ್ತಿಲ್ಲದ ಬಹಳಷ್ಟು ಸುದ್ದಿ ಇರುತ್ತದೆ.